ಕೆಮ್ಮಿನ ಉಂಡಿ

ನೇಕಾರರ ಓಣಿಯಲ್ಲಿ ಈಗ ಕ್ಷಯದ ಕೆಮ್ಮಿಗೂ ಒಂದು ತವರುಮನೆ ಇರುತ್ತದೆ. ಕಫವನ್ನು ಆಸ್ಪತ್ರೆಯ ಯಂತ್ರಕ್ಕೆ ಹಾಕಿದರೆ ಸಾಕು, ಯಾವ ಗುಳಿಗೆ ನಾಟೀತು, ರೋಗಾಣು ಯಾರ ಎದೆಯಿಂದ ಬಂತು, ಎರಡನ್ನೂ ಚಹಾ ಆರುವುದರೊಳಗೆ ಹೇಳುತ್ತದೆ. ರೋಗ ಕೊಟ್ಟವರು ಶೇಂಗಾ ಉಂಡಿ ಕಟ್ಟಿಕೊಂಡು ಪಡೆದವರ ಬಾಗಿಲಿಗೆ ಹೋಗಿ, "ಇದು ನನ್ನ ಕೆಮ್ಮು" ಎನ್ನಬೇಕು. ಅದು ಓಣಿಯ ರೂಢಿ.

ಸೊಸೆ ಸುಮಿತ್ರಾಳಿಗೆ ಕ್ಷಯ ಎಂದು ತಿಳಿದ ದಿನವೇ ಫಕೀರವ್ವ ಅವಳ ತಾಟು, ಹಾಸಿಗೆಗಳನ್ನು ಹಿತ್ತಲ ಕೋಣೆಗೆ ಸಾಗಿಸಿದ್ದಳು. "ತವರಿಂದ ತಂದಾಳ" ಎಂದು ಓಣಿಗೆಲ್ಲ ಹೇಳಿ, ಬೀಗರು ಉಂಡಿ ತರುವುದನ್ನೇ ಕಾಯುತ್ತಿದ್ದಳು.

ಇಂದು ನರ್ಸ್ ಬಂದು ಮನೆಮಂದಿಯ ಕಫದ ಫಲಿತಾಂಶ ಹೇಳಿದಳು. "ಯವ್ವಾ, ಸೊಸಿಗೆ ಬಂದಿದ್ದು ನಿಮ್ಮ ಎದಿಯಿಂದನ. ನಿಮಗೂ ಗುಳಿಗಿ ಸುರು ಮಾಡಬೇಕು."

"ನಂದು ಮಗ್ಗದ ಧೂಳಿನ ಕೆಮ್ಮವಾ" ಎಂದಳು ಫಕೀರವ್ವ. ನರ್ಸ್ ಗುಳಿಗೆಗಳನ್ನು ಕೈಗಿಟ್ಟಳು.

ಫಕೀರವ್ವ ಶೇಂಗಾ ಉಂಡಿ ಕಟ್ಟಿ ಡಬ್ಬಿಗೆ ತುಂಬಿದಳು. ಸೊಸೆಯ ಕೋಣೆ ಅಡುಗೆಮನೆಯ ಪಕ್ಕದಲ್ಲೇ ಇತ್ತು. ಆದರೂ ಅವಳು ಸೆರಗು ಹೊದ್ದು ಮುಂಬಾಗಿಲಿನಿಂದ ಹೊರಬಿದ್ದು, ಓಣಿಯವರೆಲ್ಲ ನೋಡುತ್ತಿದ್ದಂತೆ ಮನೆ ಸುತ್ತಿ ಬಂದು, ಹಿತ್ತಲ ಬಾಗಿಲು ಬಡಿದಳು.

ಸುಮಿತ್ರಾ ಬಾಗಿಲು ತೆರೆದಳು.

"ಇದು ನನ್ನ ಕೆಮ್ಮವಾ" ಎಂದಳು ಫಕೀರವ್ವ, ಹೊಸ್ತಿಲ ಹೊರಗೇ ನಿಂತು.

ಸುಮಿತ್ರಾ ಡಬ್ಬಿ ಇಸಿದುಕೊಂಡಳು. ಬೇರೆ ಇಟ್ಟಿದ್ದ ತನ್ನ ತಾಟಿನಲ್ಲಿ ಉಂಡಿಗಳನ್ನು ಹಾಕಿ, ಚಾಪೆಯ ಮೇಲೆ ಒಂದಿಷ್ಟು ಸರಿದು ಕೂತಳು.

"ಬರ್ರಿ ಅತ್ತಿ, ಇನ್ನ ಇಬ್ರಿಗೂ ಒಂದ ತಾಟು ಸಾಕು."