ನಾಲ್ಕು ಪಾಯಿಂಟ್ ಒಂದು

ಮೀಟರಿನ ಮುಳ್ಳು ನೂರು ದಾಟಿತು. ಇಂದುಮತಿ ಸೀಟಿನ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಎಂಜಿನ್ನಿನ ಅಬ್ಬರಕ್ಕೆ ಕಾಲಡಿಯ ತಗಡು ನಡುಗುತ್ತಿತ್ತು. ಸ್ವೀಡನ್ನಿನ ಗೋಥೆನ್‌ಬರ್ಗ್ ಬಿಟ್ಟು ಅರ್ಧ ಗಂಟೆಯಾಗಿತ್ತು. ಎರಡೂ ಬದಿ ಪೈನ್ ಕಾಡು, ನಡುವೆ ನೇರ ರಸ್ತೆ. ಐವತ್ತು ವರ್ಷಕ್ಕೂ ಹಳೆಯ ಆ ಅಮೆರಿಕನ್ ಕಾರಿನ ಸ್ಟಿಯರಿಂಗ್ ಮೇಲೆ ಅವಳ ಗಂಡ ಪ್ರಹ್ಲಾದ ಬೆರಳಿನಿಂದ ತಾಳ ಹಾಕುತ್ತಿದ್ದ.

"ಏನು ಎಳೆತ ನೋಡು," ಎಂದ. "ಯಾಕೆ ಮುಖ ಬಿಳಿಚ್ಕೊಂಡಿದೆ?"

"ಭಯ ಆಗ್ತಿದೆ."

"ಮತ್ತೆ ನೀನೇ ಬಂದು ಹತ್ತಿ ಕೂತೆಯಲ್ಲ. ನಾನೇನು ಕರೆದಿರ್ಲಿಲ್ಲ."

ಅದು ನಿಜ. ಆರು ತಿಂಗಳಿಂದ ಅವಳು ಈ ಕಾರಿನ ಬಾಗಿಲು ಮುಟ್ಟಿರಲಿಲ್ಲ. ಕಳೆದ ಅಕ್ಟೋಬರ್‌ನ ಒಂದು ಸಂಜೆ ಕಾರು ನೂರ ನಲವತ್ತರಲ್ಲಿ ಹೋಗುತ್ತಿದ್ದಾಗ, ಕುದುರೆಯಷ್ಟು ಎತ್ತರದ ಎಲ್ಕ್ ಜಿಂಕೆಯೊಂದು ಕಾಡಿನಿಂದ ರಸ್ತೆಗೆ ಇಳಿದಿತ್ತು. ಕಾರು ನಿಂತಾಗ ಅದರ ಕಾಲು ಬಾನೆಟ್ಟಿನಿಂದ ಒಂದು ಮೊಳ ದೂರದಲ್ಲಿತ್ತು. ಪ್ರಹ್ಲಾದ ನಕ್ಕಿದ್ದ. ಇನ್ನು ಮುಂದೆ ನಿಧಾನವಾಗಿ ಓಡಿಸುತ್ತೇನೆ ಎಂದು ಆಣೆಯಿಟ್ಟವನು ಎರಡು ವಾರ ಅದನ್ನು ಪಾಲಿಸಿದ. ಅವಳು ಅತ್ತಳು, ಜಗಳವಾಡಿದಳು, ಮಾತು ಬಿಟ್ಟಳು. ಯಾವುದೂ ನಾಟಲಿಲ್ಲ.

ಚಳಿಗಾಲದಲ್ಲಿ ಅವನಿಗೆ ಹೊಸ ಹುಚ್ಚು ಹತ್ತಿತು. ಕಾರು ಸಿಗ್ನಲ್ಲಿನಿಂದ ಹೊರಡುವಾಗ ಎಮ್ಮೆಯ ಹಾಗೆ ಏಳುತ್ತದೆ, ಹಿಂದಿನ ಆಕ್ಸಲ್‌ನ ಗೇರು ಬದಲಿಸಬೇಕು ಎಂದ. ಟೆಲಿಕಾಂ ಸಾಫ್ಟ್‌ವೇರ್‌ನವನಾದ ಅವನಿಗೆ ಕಾರಿನ ಹೊಟ್ಟೆಯೊಳಗಿನ ವಿಷಯ ತಿಳಿಯದು. ಇಂದುಮತಿಯ ಕೆಲಸವೇ ಅದು: ಹತ್ತು ವರ್ಷದಿಂದ ಲಾರಿಗಳಿಗೆ ಗೇರು ರೂಪಿಸುತ್ತಿದ್ದಳು. ಅವನು ಊಟದ ಮೇಜಿನ ಮೇಲೆ ಪಟ್ಟಿ ಹರಡಿದ. ಅವಳು ತಾಳ್ಮೆಯಿಂದ ವಿವರಿಸಿದಳು. ಈಗಿರುವುದು ಎರಡು ಪಾಯಿಂಟ್ ಏಳು ಮೂರು. ಅಂದರೆ ಹಿಂದಿನ ಚಕ್ರ ಒಂದು ಸುತ್ತು ತಿರುಗಬೇಕಾದರೆ ಗೇರ್‌ಬಾಕ್ಸಿನಿಂದ ಬರುವ ಉದ್ದನೆಯ ದಂಡ ಎರಡೂ ಮುಕ್ಕಾಲು ಸುತ್ತು ತಿರುಗಬೇಕು. ಆ ಸಂಖ್ಯೆ ದೊಡ್ಡದಾದಷ್ಟೂ ಕಾರು ಮುನ್ನುಗ್ಗುತ್ತದೆ.

"ನೀನಾದ್ರೆ ಯಾವುದು ಹಾಕ್ತೀಯಾ?" ಎಂದು ಕೇಳಿದ್ದ.

"ನಾಲ್ಕು ಪಾಯಿಂಟ್ ಒಂದು," ಎಂದಿದ್ದಳು.

ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಅದು. ಅವನು ಅವಳ ಮುಖವನ್ನೇ ನೋಡಿದ್ದ. ಆ ಮಾತು ಬಾಯಿಂದ ಬಂದ ದಿನದಿಂದ ಅವಳಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಅದರ ಮೇಲೆ, ಹೊಸ ಗೇರು ಕೂತ ಮೇಲೆ ಮಗಳು ಸಿಂಧೂರಳನ್ನೂ ಕರೆದೊಯ್ಯುತ್ತೇನೆಂದು ಅವನು ಮಾತು ಕೊಟ್ಟಿದ್ದ. ಎಂಟು ವರ್ಷದ ಹುಡುಗಿ ದಿನ ಎಣಿಸುತ್ತಿದ್ದಳು. ಆ ಗೇರು ಕೂತ ಮೇಲಿನ ಮೊದಲ ಓಟ ಇದು.

ಮುಂದೆ ಒಂದು ಹಳ್ಳಿ ಕಾಣಿಸಿತು. ಊರ ಬಾಗಿಲಲ್ಲೇ, ಬರುವ ಗಾಡಿಗಳ ವೇಗ ತೋರಿಸುವ ಬೋರ್ಡು. ಇಂದುಮತಿ ಬೋರ್ಡನ್ನೇ ನೋಡಿದಳು. ನಿಧಾನ ಮಾಡು ಎಂದಳು. ಬೋರ್ಡಿನ ಅಂಕಿಗಳು ಮಿನುಗತೊಡಗಿದಾಗ ಎಡಗಡೆಯ ಹೊಲದತ್ತ ಕೈ ತೋರಿಸಿದಳು. "ಅಲ್ಲಿ ನೋಡು, ಕೊಕ್ಕರೆ."

ಪ್ರಹ್ಲಾದ ಅತ್ತ ನೋಡಿದ. "ಎಲ್ಲಿ?"

"ಹಾರಿಹೋಯ್ತು."

ಬೋರ್ಡು ಹಿಂದಕ್ಕೆ ಸರಿಯಿತು. ಅವಳು ತಡೆಹಿಡಿದಿದ್ದ ಉಸಿರು ಬಿಟ್ಟಳು. ಹಳ್ಳಿ ದಾಟುತ್ತಲೇ ಅವನು ಫೋನ್ ಕೇಳಿದ, ಮುಂದಿನ ದಾರಿಗೆ ಮ್ಯಾಪ್ ಹಾಕಬೇಕಂತೆ. ಫೋನ್ ಅವಳ ಬ್ಯಾಗಿನಲ್ಲಿತ್ತು. ಅದು ಅಲ್ಲೇ ಇರಲಿ, ದಾರಿ ತಾನು ಹೇಳುತ್ತೇನೆ, ನೀನು ರಸ್ತೆ ನೋಡು ಎಂದಳು. ಅವನು ನಕ್ಕು ಆಕ್ಸಿಲರೇಟರ್ ಒತ್ತಿದ.

ನೂರ ಹತ್ತು. ನೂರ ಇಪ್ಪತ್ತು.

ಇಂದುಮತಿ ಪಕ್ಕದ ಕನ್ನಡಿ ನೋಡಿದಳು. ಹಿಂದೆ ನೀಲಿ ಬಸ್ಸೊಂದು ಬರುತ್ತಿತ್ತು. ಮತ್ತೆ ನೋಡಿದಾಗ ಇನ್ನೂ ಹತ್ತಿರವಿತ್ತು. ಇನ್ನೊಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ ಎನಿಸಿತು.

"ಪ್ರಹ್ಲಾದ್," ಎಂದಳು. "ಇನ್ನೂ ಸ್ವಲ್ಪ ಒತ್ತು."

ಅವನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಮರುಗಳಿಗೆ ಕಾರು ಗರ್ಜಿಸಿತು. ಮುಳ್ಳು ನೂರ ನಲವತ್ತಕ್ಕೆ ಹೋಗಿ ನಡುಗುತ್ತಾ ನಿಂತಿತು. ಅವಳು ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ಬಸ್ಸು ಇನ್ನಷ್ಟು ಹತ್ತಿರ ಬರದೆ ಅಷ್ಟೇ ದೂರದಲ್ಲಿ ಹಿಂದೆ ಉಳಿಯಿತು. ಮುಂದಿನ ತಿರುವಿನಲ್ಲಿ ಕಾಫಿ ಅಂಗಡಿಯ ಬೋರ್ಡು ಕಂಡದ್ದೇ, ವಾಂತಿ ಬರುತ್ತಿದೆ, ಒಳಗೆ ತಿರುಗಿಸು ಎಂದಳು. ಬಸ್ಸು ಮುಖ್ಯ ರಸ್ತೆಯಲ್ಲಿ ಮುಂದೆ ಹೋಯಿತು. ಅವಳು ಕಾರಿನಿಂದಿಳಿದು, ಮೊಣಕಾಲುಗಳ ಮೇಲೆ ಕೈಯೂರಿ ಬಹಳ ಹೊತ್ತು ನಿಂತಳು. ಪ್ರಹ್ಲಾದ ನೀರು ತಂದುಕೊಟ್ಟು ಬೆನ್ನು ಸವರಿದ. ಅವನ ಕಣ್ಣುಗಳು ಹೊಳೆಯುತ್ತಿದ್ದವು. ಮದುವೆಯಾದ ಹೊಸದರಲ್ಲಿ ಕಂಡ ಸಂತೋಷ ಅದು. ಅದನ್ನು ನೋಡಿ ಅವಳಿಗೆ ಅಳು ಬಂತು.

ವಾಪಸು ಬರುವಾಗ ಅವನು ನಿಧಾನವಾಗಿಯೇ ಓಡಿಸಿದ. ಮಧ್ಯಾಹ್ನ ಕಾರನ್ನು ಸಿದ್ದಲಿಂಗನ ಶೆಡ್ಡಿಗೆ ತಂದರು. ಸಿದ್ದಲಿಂಗ ಇಂದುಮತಿಯ ಆಫೀಸಿನ ಹುಡುಗ, ಹುಬ್ಬಳ್ಳಿ ಕಡೆಯವನು; ರಜೆಯಲ್ಲಿ ಹಳೆಯ ಕಾರುಗಳ ರಿಪೇರಿ ಮಾಡುತ್ತಾನೆ. ಹೊಸ ಗೇರು ಕೂರಿಸಿದವನೂ ಅವನೇ. ಪ್ರಹ್ಲಾದ ಅವನ ಕೈ ಕುಲುಕಿ, ನೂರ ನಲವತ್ತರಲ್ಲೂ ಕಾರು ಬೆಣ್ಣೆಯ ಹಾಗೆ ಓಡಿತು ಎಂದು ಹೊಗಳಿದ. ಬರುವ ಶನಿವಾರ ಸಿಂಧೂರಳನ್ನು ಕೂರಿಸಿಕೊಂಡು ಹೋಗುತ್ತೇನೆ ಎಂದ. ಆಮೇಲೆ ಅದೇ ಸುದ್ದಿಯನ್ನು ಮಗಳಿಗೆ ಹೇಳಲು ಫೋನ್ ತೆಗೆದುಕೊಂಡು ಹೊರಗೆ ಹೋದ.

ಸಿದ್ದಲಿಂಗ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಗೊತ್ತಾಯ್ತೇನಕ್ಕಾ ಅವರಿಗೆ? ಮೀಟರ್ ಇನ್ನೂ ದಂಡದ ಸುತ್ತನ್ನ ಹಳೇ ಲೆಕ್ಕದಾಗ ಎಣಿಸಿ ವೇಗ ಜಾಸ್ತಿ ತೋರಸ್ತೈತಿ. ಹೊಸ ಗೇರಿಗೆ ತಕ್ಕಂಗ ನಾನು ಇವತ್ತೇ ಮೀಟರ್ ಸರಿ ಮಾಡಿಬಿಡ್ಲಾ?"

"ಬೇಡ," ಎಂದಳು ಇಂದುಮತಿ. "ಅವನು ನೂರ ನಲವತ್ತು ಅಂದ್ಕೊಂಡಾಗ ನಾವು ಹೋಗ್ತಿದ್ದಿದ್ದು ತೊಂಬತ್ಮೂರು, ಮಗಳು ಕೂತಾಗ್ಲೂ ಅಷ್ಟೇ ಇರ್ಲಿ."