ಬೇವಿನ ಮರದಾಗ ಪೆಟ್ರೋಲ್ ಗರಗಸ

ಮಾರ್ತಾಂಡರಾಯರು ಪೆಟ್ರೋಲ್ ಗರಗಸದ ದಾರ ಜಗ್ಗಿದ್ದೇ ತಡ, ಭಾಗೀರಥಿಬಾಯಿಯವರ ಅಂಗಳದ ಬೇವಿನ ಮರದಿಂದ ಕಾಗೆಗಳೆಲ್ಲ ಒಮ್ಮೆಲೇ ಎದ್ದು ಬೆಟಗೇರಿಯ ಕಡೆಗೆ ಹಾರಿಹೋದವು. ಓಣಿಯ ಮಂದಿ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತರು. ಟೊಂಗೆ ಕೊಯ್ಯುವ ಅಂದಾನಪ್ಪನ ಮುಖದಲ್ಲಿ ಮಾತ್ರ ಹೊಸ ಮದುಮಗನ ಕಳೆ.

"ಹತ್ತಾಳಿನ ಕೆಲಸ ಇದೊಂದ ಮಾಡ್ತದ, ಅಂದಾನಪ್ಪ," ಎಂದು ಗರಗಸ ಆರಿಸಿ ರಾಯರು ಹಣೆ ಒರೆಸಿಕೊಂಡರು. ಮಾರಲೆಂದು ಹುಬ್ಬಳ್ಳಿಯ ಅಂಗಡಿಯಿಂದ ಗರಗಸವನ್ನೂ ಭಾರ ಇಳಿಸುವ ಒಂದು ಸರಪಳಿ ಕಪ್ಪಿಯನ್ನೂ ರೈಲಿನಲ್ಲಿ ಹೇರಿಕೊಂಡು ಬಂದಿದ್ದರು. ಅಂದಾನಪ್ಪ ಗಂಡಹೆಂಡತಿ ಕೂಡಿಸಿಟ್ಟ ದುಡ್ಡಿಗೆ ಎರಡರಲ್ಲಿ ಒಂದಷ್ಟೇ ಬರುತ್ತಿತ್ತು.

"ಒದರೂದು ಭಾಳ ಆತ್ರಿ ಇದರದು," ಎಂದಳು ಅಂದಾನಪ್ಪನ ಹೆಂಡತಿ ಗದಿಗೆವ್ವ. "ಟೊಂಗಿ ಕೊಯ್ಯೂದು ಏನ್ ದೊಡ್ಡದು? ಇಳಸೂದು ದೊಡ್ಡದು. ಕಪ್ಪಿ ತೊಗೋಳ್ರಿ. ಕೈ ಬಿಟ್ರೂ ಭಾರ ಜಾರೂದಿಲ್ಲ."

"ನೀ ಸುಮ್ನಿರು. ಕಪ್ಪಿ ನಮ್ಮಜ್ಜನ ಕಾಲದ್ದು. ಇನ್ನ ಹೊಸಾ ರಾಜ್ಯ ಬರಾಕತ್ತೈತಿ," ಎಂದು ಅಂದಾನಪ್ಪ ಕಚ್ಚೆ ಬಿಗಿದ.

ರಾಜ್ಯ ಬರುವುದಿದ್ದದ್ದು ಖರೆ. ನವೆಂಬರ್ ಒಂದಕ್ಕೆ ಕರ್ನಾಟಕ ಒಂದಾಗುವುದಿತ್ತು. ಮೆರವಣಿಗೆಗೆ ಅಡ್ಡ ಬರುವ ಟೊಂಗೆ ತೆಗೆಸಲು ಲಕ್ಷ್ಮೇಶ್ವರ, ಮುಂಡರಗಿಯಿಂದಲೂ ಈ ಗಂಡಹೆಂಡತಿಗೆ ಕರೆ ಬರುತ್ತಿತ್ತು. ನಾಡು ಕೂಡುವ ಹೊತ್ತಿಗೆ ಕಡಿಯುವವರಿಗೆ ಸುಗ್ಗಿ! ಆದರೆ ಇವರು ಮರ ಕೆಡಹುವವರಲ್ಲ. ಬೇಡಾದ ಟೊಂಗೆಯನ್ನಷ್ಟೇ ಹಗ್ಗಕ್ಕೆ ಕಟ್ಟಿ, ಕೊಯ್ದು, ಮೆಲ್ಲಗೆ ಇಳಿಸಿ, ಮರದ ಗಾಯಕ್ಕೆ ಸಗಣಿ-ಕೆಮ್ಮಣ್ಣು ಮೆತ್ತಿ ಬರುವವರು. ಮೇಲೆ ಅಂದಾನಪ್ಪ, ಕೆಳಗೆ ಹಗ್ಗ ಹಿಡಿದು ಗದಿಗೆವ್ವ. ಅವನ ಕಣ್ಣು ಟೊಂಗೆಯ ಮೇಲೆ, ಇವಳ ಕಣ್ಣು ಹಗ್ಗದ ಮೇಲೆ. ಇವಳು "ಹೂಂ" ಎಂದರೆ ಅವನು ಕೊಯ್ಯಬೇಕು, "ತಡೀರಿ" ಎಂದರೆ ಕೈ ನಿಲ್ಲಬೇಕು.

ಅಂದಾನಪ್ಪ ಮರ ಹತ್ತಿ, ಭಾಗೀರಥಿಬಾಯಿಯವರ ಮಾಳಿಗೆಯನ್ನೂ ದಾಟಿ ಬೀದಿಗೆ ಚಾಚಿದ್ದ ದಪ್ಪ ಟೊಂಗೆಗೆ ಹಗ್ಗ ಬಿಗಿದು, ಹಗ್ಗವನ್ನು ಮೇಲಿನ ಕವಲಿನಲ್ಲಿ ಹಾಯಿಸಿ ಕೆಳಗೆ ಬಿಟ್ಟ. ಆಮೇಲೆ ಗರಗಸವನ್ನು ಮೇಲೆಳೆದುಕೊಂಡು ದಾರ ಜಗ್ಗಿದ. ಓಣಿಯೆಲ್ಲ ಗಡಗಡ ಎಂದಿತು. ಕಟ್ಟೆಯ ಮೇಲೆ ಕುಳಿತಿದ್ದ ಭಾಗೀರಥಿಬಾಯಿ ಎರಡೂ ಕಿವಿ ಮುಚ್ಚಿಕೊಂಡರು. ಗರಗಸವೇನೋ ಬೆಣ್ಣೆಗೆ ಹೊಕ್ಕ ಹಾಗೆ ಟೊಂಗೆಯೊಳಗೆ ಹೊಕ್ಕಿತು. ರಾಯರು ಗದಿಗೆವ್ವನ ಕಡೆ ನೋಡಿ, ಹೇಗೆ ಎಂಬಂತೆ ಹುಬ್ಬು ಹಾರಿಸಿದರು.

ಅಷ್ಟರಲ್ಲಿ ಗರಗಸದ ನಡುಕಕ್ಕೆ ಹಗ್ಗ ಮೇಲಿನ ಕವಲಿನಿಂದ ಜಾರಿ ಕೆಳಗಿನ ಕವಲಿಗೆ ಬಿತ್ತು. ಇನ್ನು ಟೊಂಗೆ ಮುರಿದರೆ ಬೀದಿಯ ಕಡೆಗೆ ಇಳಿಯುವುದಿಲ್ಲ, ತಿರುಗಿ ಬಂದು ಕುಳಿತವನ ಎದೆಗೇ ಬಡಿಯುತ್ತದೆ. ಅಂದಾನಪ್ಪನಿಗೆ ಅದು ಹಿಂದೆ, ಕಾಣಲಿಲ್ಲ. ಗದಿಗೆವ್ವನಿಗೆ ಕಂಡಿತು.

"ತಡೀರಿ!" ಎಂದು ಕೂಗಿದಳು. ಕೇಳಲಿಲ್ಲ. "ರೀ! ನಿಲ್ಲಸ್ರೀ!" ಎಂದಳು. ಅವಳ ಕೂಗು ಅವಳಿಗೇ ಕೇಳಲಿಲ್ಲ. ಹಗ್ಗ ಬಿಟ್ಟು ಓಡುವ ಹಾಗಿಲ್ಲ. ರಾಯರು ತಮ್ಮ ಕರಿ ಟೋಪಿ ತೆಗೆದು ಅವನತ್ತ ಬೀಸಿ ಒಗೆದರು. ಅದು ಹೋಗಿ ಒಂದು ರೆಂಬೆಗೆ ಸಿಕ್ಕಿಕೊಂಡು, ಅಲ್ಲೇ ಕುಳಿತು ತಮಾಷೆ ನೋಡಿತು. ಮದುವೆಯ ದಿನ ಒಡಪಿನಲ್ಲಿ ಕಟ್ಟಿ ಹೇಳಿದ್ದು ಬಿಟ್ಟರೆ ಗದಿಗೆವ್ವನ ನಾಲಗೆಯ ಮೇಲೆ ಗಂಡನ ಹೆಸರು ಬಂದದ್ದಿಲ್ಲ. ಈಗ ಅವಳಿಗೆ ಅದೊಂದೂ ನೆನಪಿರಲಿಲ್ಲ. ಹೆಸರು ಹಿಡಿದೇ ಚೀರತೊಡಗಿದಳು.

ಕಣ್ಣಿಗೆ ಪುಡಿ ಹಾರಿತೆಂದು ಅಂದಾನಪ್ಪ ಗರಗಸ ಆರಿಸಿದ್ದೂ ಅದೇ ಗಳಿಗೆಗೆ.

"ಏ ಅಂದಾನಪ್ಪಾ!"

ಓಣಿಗೆ ಓಣಿಯೇ ಕೇಳಿತು. ಅಂದಾನಪ್ಪ ಕಲ್ಲಾಗಿ ಕುಳಿತುಬಿಟ್ಟ. ಕಣ್ಣೊರೆಸಿಕೊಳ್ಳುವ ಕೈ ಕೂಡ ಅಲ್ಲೇ ನಿಂತಿತು.

"ಹಗ್ಗ ನೋಡ್ರಿ ಹಿಂದ!" ಎಂದಳು ಗದಿಗೆವ್ವ, ಅಳು ನಗು ಎರಡೂ ಕೂಡಿ.

ಅವನು ತಿರುಗಿ ನೋಡಿದ. ಹಗ್ಗವನ್ನು ನೋಡಿದ, ಮುಕ್ಕಾಲು ಕೊಯ್ದ ಟೊಂಗೆಯನ್ನು ನೋಡಿದ, ತನ್ನ ಎದೆಯನ್ನೊಮ್ಮೆ ಮುಟ್ಟಿ ನೋಡಿಕೊಂಡ.

ಭಾಗೀರಥಿಬಾಯಿ ಕಿವಿಯಿಂದ ಕೈ ತೆಗೆದು ಜೋರಾಗಿ ನಕ್ಕರು. "ಗಂಡನ ಹೆಸರು ಹಿಡಿದ್ರ ಅವನ ಆಯುಷ್ಯ ಕಡಿಮಿ ಆಗ್ತದ ಅಂತಿದ್ರು ನಮ್ಮ ಅತ್ತಿಯವರು. ಇವತ್ತ ನೀ ಹಿಡಿದಿ, ಬೆಳೀತು ನೋಡವ್ವ!"

ಗದಿಗೆವ್ವ ನಾಚಿ ಸೆರಗು ಬಾಯಿಗೆ ಹಿಡಿದಳು. ಹಗ್ಗ ಮಾತ್ರ ಬಿಡಲಿಲ್ಲ.

ಆಮೇಲೆ ಕಪ್ಪಿ ಮೇಲೆ ಹೋಯಿತು, ಗರಗಸ ಕೆಳಗೆ ಬಂತು. ಉಳಿದ ಕಾಲು ಭಾಗವನ್ನು ಅಂದಾನಪ್ಪ ಹಳೆಯ ಕೈಗರಗಸದಿಂದಲೇ ಕೊಯ್ದ. ಗದಿಗೆವ್ವ "ಹೂಂ" ಎಂದಾಗ ಕೊಯ್ದ, "ತಡೀರಿ" ಎಂದಾಗ ನಿಂತ. ಅವಳು ಸರಪಳಿ ಎಳೆಯುತ್ತಿದ್ದಂತೆ ಟೊಂಗೆ ಮಾಳಿಗೆಯ ಮಣ್ಣಿನ ಒಂದು ಹೆಂಟೆಯನ್ನೂ ಕೆಡಿಸದೆ ಬೀದಿಗೆ ಇಳಿಯಿತು. ಅಂದಾನಪ್ಪ ಕಾಂಡದ ಗಾಯಕ್ಕೆ ಕೆಮ್ಮಣ್ಣು ಮೆತ್ತಿ, ರಾಯರ ಟೋಪಿಯನ್ನು ತಾನೇ ಹಾಕಿಕೊಂಡು ಇಳಿದ.

"ಕಪ್ಪಿ ಇಲ್ಲೇ ಇರ್ಲಿ, ರಾಯರ," ಎಂದು ಟೋಪಿ ತೆಗೆದುಕೊಟ್ಟ.

ರಾಯರಿಗೆ ಮನಸ್ಸಾಗಲಿಲ್ಲ. "ಗರಗಸದಾಗ ಏನರ ಐಬು ಅದ ಏನಪಾ? ಎಷ್ಟ್ ಚಂದ ಕೊಯ್ತು!"

"ಐಬು ಎಲ್ಲೈತ್ರಿ! ಭಾರೀ ಚಲೋ ಮಷೀನು," ಎಂದ ಅಂದಾನಪ್ಪ, ಹೆಂಡತಿಯ ಕಡೆ ನೋಡುತ್ತ. "ಹೇಣ್ತಿ ಮಾತು ಕಿವಿಗೆ ಬೀಳಬಾರದು ಅನ್ನೋ ಗಂಡಸರು ಊರ ತುಂಬ ಅದಾರ, ಅವರಿಗೆ ಮಾರ್ರಿ. ಅವರೆಲ್ಲಾ ನೆಲದ ಮ್ಯಾಲ ಇರೋರು."