ಒಬ್ಬ ಮನುಷ್ಯನ ಒಪ್ಪಿಗೆ

ಡೈರಿಯಲ್ಲಿ ಹಾಲು ತಂಪು ಮಾಡುವ ಯಂತ್ರ ತಾನಾಗಿಯೇ ನಿಂತುಬಿಟ್ಟಿತು. ಮತ್ತೆ ಶುರುವಾಗಲು ಪರದೆಯ ಮೇಲೆ ಅಪ್ಪಣೆ ಕೇಳಿತು: ‘ಒಬ್ಬ ಮನುಷ್ಯನ ಒಪ್ಪಿಗೆ ಬೇಕು.’

ಎದುರಿಗಿದ್ದವನು ತಿಮ್ಮೇಶ ಒಬ್ಬನೇ. ಸಂಜೆ ಕಾಲೇಜಿನಲ್ಲಿ ಓದಿ ಈ ಕೆಲಸ ಹಿಡಿದವನು. ಹಾಲು ಒಡೆದರೆ ಕೆಲಸ ಹೋಗುತ್ತದೆ, ತಪ್ಪು ಗುಂಡಿ ಒತ್ತಿದರೂ ಹೋಗುತ್ತದೆ. ಗುಂಡಿಯ ತನಕ ಹೋದ ಬೆರಳನ್ನು ಹಿಂದಕ್ಕೆಳೆದುಕೊಂಡು ಮ್ಯಾನೇಜರಿಗೆ ಫೋನು ಮಾಡಿದ.

“ಒತ್ತು ಕಣಯ್ಯ, ನಾನು ಬೀಗರೂಟಕ್ಕೆ ಕೂತಿದ್ದೀನಿ.”

“ಮನುಷ್ಯನೇ ಬೇಕು ಅಂತಿದೆ ಸಾರ್. ನಾನು ಖಾಯಂ ಅಲ್ಲ, ಗುತ್ತಿಗೆಯವನು. ನಾಳೆ ತನಿಖೆಗೆ ಬಂದೋರು, ನೀನ್ಯಾವ ಸೀಮೆ ಮನುಷ್ಯನಯ್ಯಾ ಅಂದ್ರೆ?”

ಆ ಕಡೆ ಮೂಳೆ ಕಡಿಯುವ ಸದ್ದು ನಿಂತಿತು. “ಅದೂ ಸರೀನೇ. ನನ್ನ ತಲೆಗೂ ಬರುತ್ತೆ. ಹೆಡ್ಡಾಫೀಸಿಗೆ ಬರೆದು ಕೇಳು. ಏನಿದ್ರೂ ಬರಹದಲ್ಲಿ ಬರಲಿ.”

ತಿಮ್ಮೇಶ ಮೂರು ಸಲ ತಿದ್ದಿ ಬರೆದು ಕಳಿಸಿದ. ಅಷ್ಟರಲ್ಲಿ ಹಾಲು ಬೆಚ್ಚಗಾಗಿತ್ತು. ಹುಳಿ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಪರದೆಯ ಮೇಲೆ ಉತ್ತರ ಮೂಡಿತು. ಅವನು ಕನ್ನಡಕ ಒರೆಸಿಕೊಂಡು ಓದಿದ.

‘ಗುತ್ತಿಗೆ ನೌಕರರನ್ನು ಮನುಷ್ಯರೆಂದು ಪರಿಗಣಿಸತಕ್ಕದ್ದಲ್ಲ. ಹೆಡ್ಡಾಫೀಸಿನಲ್ಲಿ ಈಗ ಯಾರೂ ಇಲ್ಲದ ಕಾರಣ ಈ ಆದೇಶವನ್ನು ಕಚೇರಿಯ ಗಣಕಯಂತ್ರವೇ ಬರೆದಿದೆ. ಜಾರಿಗೆ ಬರಲು ಒಬ್ಬ ಮನುಷ್ಯನ ಒಪ್ಪಿಗೆ ಬೇಕು. ದಯವಿಟ್ಟು ತಾವು ಗುಂಡಿ ಒತ್ತಿ.’

ಬರಹದಲ್ಲೇ ಬಂದಿತ್ತಲ್ಲ, ತಿಮ್ಮೇಶ ಧೈರ್ಯವಾಗಿ ಒತ್ತಿದ.